ಮೊದಲು ಕಿವಿ, ಆಮೇಲೆ ಕಣ್ಣು: ಪಂಚೇಂದ್ರಿಯಗಳ ಪಾಠಕ್ಕೆ ಲಾಲ್‌ಬಾಗಿನಲ್ಲಿ ಒಂದು ಬೆಳಗು

ಒಂದನೆಯ ಮತ್ತು ಎರಡನೆಯ ತರಗತಿಗಳಲ್ಲಿ ಪಂಚೇಂದ್ರಿಯಗಳ ಪಾಠ ಹೆಚ್ಚಾಗಿ ಗೋಡೆಯ ಚಿತ್ರಪಟದಿಂದ ಆರಂಭವಾಗಿ ಅಲ್ಲಿಯೇ ಮುಗಿಯುತ್ತದೆ. ಕಣ್ಣಿನಿಂದ ನೋಡುತ್ತೇವೆ, ಕಿವಿಯಿಂದ ಕೇಳುತ್ತೇವೆ ಎಂಬಂಥ ಐದು ವಾಕ್ಯಗಳನ್ನು ಮಕ್ಕಳು ಒಂದೇ ದಿನದಲ್ಲಿ ಒಪ್ಪಿಸುತ್ತಾರೆ, ಏಕೆಂದರೆ ಶಾಲೆಗೆ ಬರುವ ಮೊದಲೇ ಅವರಿಗೆ ಅದು ಗೊತ್ತಿರುತ್ತದೆ. ಅವರಿಗೆ ಇನ್ನೂ ಕೈವಶವಾಗದಿರುವುದು ಬೇರೆಯದು: ಕಿವಿ ತಿಳಿಸಿದ್ದು ಯಾವುದು, ಮೂಗು ತಿಳಿಸಿದ್ದು ಯಾವುದು ಎಂದು ಬೇರ್ಪಡಿಸಿ ಗಮನಿಸುವುದು, ಗಮನಿಸಿದ್ದನ್ನು ತಮ್ಮದೇ ಮಾತಿನಲ್ಲಿ ಹೇಳುವುದು. ಇದಕ್ಕೆ ತರಗತಿಯ ಕೋಣೆ ಸಾಲದು. ಒಂದು ಬೆಳಗಿನ ಹೊರಸಂಚಾರ ಬೇಕು. ಆ ಹೊರಸಂಚಾರದಲ್ಲಿ ಕಣ್ಣಿಗೆ ಮೊದಲ ಸ್ಥಾನ ಕೊಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಣ್ಣು ತೆರೆದಿರುವ ಮಗು ಮೊದಲು ವಸ್ತುವಿನ ಹೆಸರು ಹೇಳುತ್ತದೆ. ಹೂವು ಕಂಡೊಡನೆ ‘ಗುಲಾಬಿ’ ಎನ್ನುತ್ತದೆ, ಹೆಸರು ಹೇಳಿದ ಮೇಲೆ ಕೆಲಸ ಮುಗಿಯಿತೆಂದು ಮುಂದಿನದಕ್ಕೆ ಓಡುತ್ತದೆ. ಮೂಸಿ ನೋಡುವ, ಮುಟ್ಟಿ ನೋಡುವ ಅಗತ್ಯವೇ ಅದಕ್ಕೆ ತೋರುವುದಿಲ್ಲ. ಆದ್ದರಿಂದ ಇಲ್ಲಿ ಸೂಚಿಸಿರುವ ಕ್ರಮ ಕಿವಿ, ಚರ್ಮ, ಮೂಗು, ಕಣ್ಣು, ನಾಲಿಗೆ ಎಂದಿದೆ. ಐದರಿಂದ ಎಂಟು ವರ್ಷದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು, ಬೆಂಗಳೂರಿನ ಲಾಲ್‌ಬಾಗನ್ನು ಉದಾಹರಣೆಯಾಗಿ ತೆಗೆದುಕೊಂಡು ಬರೆದಿದ್ದೇನೆ. ಬೇರೆ ಊರಿನ ಶಿಕ್ಷಕರು ತಮ್ಮ ಸುತ್ತಲಿನ ತೋಟ, ಕೆರೆಯ ಏರಿ ಅಥವಾ ಗುಂಡುತೋಪಿಗೆ ಇದನ್ನು ಹೊಂದಿಸಿಕೊಳ್ಳಬಹುದು.

ಹೊರಡುವ ಮೊದಲು

ಲಾಲ್‌ಬಾಗು ಸುಮಾರು 240 ಎಕರೆಯ ತೋಟ. ಅದನ್ನು ಪೂರ್ತಿ ಸುತ್ತಿಸುವ ಆಸೆಯನ್ನು ಶಿಕ್ಷಕರು ಮೊದಲೇ ಬಿಡಬೇಕು. ಹೈದರ್ ಅಲಿ 1760ರಲ್ಲಿ ತೋಟವನ್ನು ಆರಂಭಿಸಿದ್ದು, ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಹಾಕಿದ್ದು ಇವೆಲ್ಲ ತಿಳಿದಿರಬೇಕಾದ ಸಂಗತಿಗಳೇ. ಆದರೆ ಅವು ದೊಡ್ಡ ತರಗತಿಯ ಪ್ರವಾಸಕ್ಕೆ ಇರಲಿ. ಈ ಬೆಳಗಿಗೆ ಐದು ನಿಲುಗಡೆಗಳು ಸಾಕು, ಪ್ರತಿಯೊಂದಕ್ಕೂ ಹದಿನೈದು ಇಪ್ಪತ್ತು ನಿಮಿಷ ಸಾಕು. ನಡುವೆ ನಡೆಯುವುದಕ್ಕೆ, ನೀರು ಕುಡಿಯುವುದಕ್ಕೆ, ಶೌಚಾಲಯಕ್ಕೆ ಹೋಗಿ ಬರುವುದಕ್ಕೆ ಬೇಕಾಗುವ ಸಮಯವನ್ನು ಸೇರಿಸಿದರೆ ಒಟ್ಟು ಮೂರು ಗಂಟೆಯಾಗುತ್ತದೆ, ಈ ವಯಸ್ಸಿನ ಮಕ್ಕಳು ಅದಕ್ಕಿಂತ ಹೆಚ್ಚು ಹೊತ್ತು ಗಮನವಿಟ್ಟು ಇರಲಾರರು.

ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಸಂದರ್ಭದಲ್ಲಿ ಅಲ್ಲಿ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಜನಸಂದಣಿಯಲ್ಲಿ ಮಕ್ಕಳ ಎಣಿಕೆ ಕಷ್ಟ, ಕೇಳುವ ಚಟುವಟಿಕೆಯಂತೂ ಅಸಾಧ್ಯ. ಆ ದಿನಗಳನ್ನು ಬಿಡಬೇಕು. ಮಳೆಗಾಲ ಮುಗಿದ ನವೆಂಬರ್, ಡಿಸೆಂಬರ್ ತಿಂಗಳ ವಾರದ ನಡುವಿನ ಒಂದು ದಿನ, ಬೆಳಿಗ್ಗೆ ಬೇಗ, ಅತ್ಯಂತ ಅನುಕೂಲ. ಪ್ರವೇಶ ಶುಲ್ಕ, ಶಾಲಾ ಮಕ್ಕಳಿಗಿರುವ ವಿನಾಯಿತಿ ಮತ್ತು ಬಸ್ಸು ನಿಲ್ಲಿಸುವ ಜಾಗದ ವಿವರಗಳನ್ನು ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸಬೇಕು.

ಒಬ್ಬ ಶಿಕ್ಷಕರಾದರೂ ಹಿಂದಿನ ವಾರ ಅದೇ ವೇಳೆಗೆ ಹೋಗಿ ದಾರಿಯನ್ನು ನಡೆದು ನೋಡಿ ಬರುವುದು ಕಡ್ಡಾಯ. ನೆರಳು ಎಲ್ಲಿದೆ, ಕೈ ತೊಳೆಯಲು ನೀರು ಎಲ್ಲಿದೆ, ಯಾವ ಮರದ ಕೆಳಗೆ ಹೂವು ಉದುರುತ್ತಿದೆ ಎಂಬುದರ ಜೊತೆಗೆ ಮುಖ್ಯವಾಗಿ ನೋಡಬೇಕಾದದ್ದು ಹೆಜ್ಜೇನಿನ ಗೂಡುಗಳನ್ನು. ಎತ್ತರದ ಕೊಂಬೆಗಳಲ್ಲಿ ಗೂಡು ಕಟ್ಟುವ ಹೆಜ್ಜೇನು ಕೆಣಕಿದರೆ ಗುಂಪಾಗಿ ದಾಳಿ ಮಾಡುತ್ತದೆ. ಗೂಡಿರುವ ಮರದ ಹತ್ತಿರ ಯಾವ ನಿಲುಗಡೆಯೂ ಇರಬಾರದು. ಮಕ್ಕಳೂ ಶಿಕ್ಷಕರೂ ಅಂದು ಸುಗಂಧ ದ್ರವ್ಯ ಹಾಕಿಕೊಂಡು ಬರಬಾರದು.

ಪೋಷಕರಿಗೆ ಕಳುಹಿಸುವ ಒಪ್ಪಿಗೆ ಪತ್ರದಲ್ಲಿ ಸಹಿಯನ್ನಷ್ಟೇ ಕೇಳಿದರೆ ಪ್ರಯೋಜನವಿಲ್ಲ. ಮಗುವಿಗೆ ಯಾವ ಆಹಾರ ಆಗಿಬರುವುದಿಲ್ಲ, ಉಬ್ಬಸ ಅಥವಾ ಫಿಟ್ಸ್ ಇದೆಯೇ, ಕನ್ನಡಕ ಅಥವಾ ಶ್ರವಣ ಸಾಧನ ಬಳಸುತ್ತದೆಯೇ, ಕಣ್ಣು ಮುಚ್ಚಿದರೆ ಹೆದರುತ್ತದೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ಬರೆಯಲು ಜಾಗವಿರಬೇಕು. ಆರೇಳು ಮಕ್ಕಳಿಗೆ ಒಬ್ಬರು ದೊಡ್ಡವರು ಜೊತೆಗಿರಬೇಕೆಂದರೆ ಕೆಲವು ತಾಯಂದಿರು, ಅಜ್ಜ ಅಜ್ಜಿಯರು ಬರಬೇಕಾಗುತ್ತದೆ. ಅವರನ್ನು ಕಾವಲಿಗೆ ಮಾತ್ರ ಕರೆಯದೆ, ಏನು ಕೇಳಬೇಕು, ಏನು ಹೇಳಿಕೊಡಬಾರದು ಎಂಬುದನ್ನು ಅರ್ಧ ಗಂಟೆ ಕುಳಿತು ತಿಳಿಸಬೇಕು. ಮಗು ಯೋಚಿಸುತ್ತಿರುವಾಗಲೇ ಉತ್ತರ ಹೇಳಿಬಿಡುವುದು ದೊಡ್ಡವರಿಗೆಲ್ಲ ಸಹಜ. ಅದನ್ನು ತಡೆದುಕೊಳ್ಳಿ ಎಂದು ಸ್ಪಷ್ಟವಾಗಿ ಕೇಳಿಕೊಳ್ಳಬೇಕು.

ಚೀಲದಲ್ಲಿ ಇರಬೇಕಾದವು: ಪ್ರಥಮ ಚಿಕಿತ್ಸೆಯ ಡಬ್ಬಿ, ಸೋಪು, ಕುಡಿಯುವ ನೀರು, ದಪ್ಪ ರಟ್ಟಿಗೆ ಸಿಕ್ಕಿಸಿದ ಬಿಳಿ ಹಾಳೆಗಳು, ಬಣ್ಣದ ಕ್ರೇಯಾನ್‌ಗಳು, ಬಟ್ಟೆಯ ಕೈಚೀಲಗಳು, ಮತ್ತು ಹಿಂದಿನ ರಾತ್ರಿಯೇ ಕಟ್ಟಿಟ್ಟುಕೊಂಡ ವಾಸನೆಯ ಗಂಟುಗಳು. ಕಣ್ಣಿಗೆ ಕಟ್ಟುವ ಬಟ್ಟೆಯನ್ನು ಪ್ರತಿ ಮಗುವೂ ತನ್ನದೇ ಕರವಸ್ತ್ರದ ರೂಪದಲ್ಲಿ ತರಬೇಕು. ಒಬ್ಬರಿಗೆ ಕಟ್ಟಿದ ಬಟ್ಟೆಯನ್ನು ಇನ್ನೊಬ್ಬರಿಗೆ ಕಟ್ಟಿದರೆ ಕಣ್ಣುಬೇನೆ ಇಡೀ ತರಗತಿಗೆ ಹರಡಬಹುದು. ಕಟ್ಟಿಸಿಕೊಳ್ಳಲು ಒಪ್ಪದ ಮಗುವನ್ನು ಒತ್ತಾಯಿಸದೆ ಅಂಗೈಯಿಂದ ಕಣ್ಣು ಮುಚ್ಚಿಕೊಳ್ಳಲು ಬಿಡಬೇಕು.

ತರಗತಿಯಲ್ಲಿ ಮೊದಲೇ ಹೇಳಿಕೊಡಬೇಕಾದ ನಿಯಮ ಒಂದೇ, ಅದನ್ನು ಮಕ್ಕಳು ಪಾಠದಂತೆ ಬಾಯಿಪಾಠ ಮಾಡಲಿ: ತೋಟದ ಯಾವ ವಸ್ತುವೂ ಬಾಯಿಗೆ ಹೋಗಬಾರದು, ಗಿಡದಿಂದ ಏನನ್ನೂ ಕೀಳಬಾರದು. ಇದರ ಹಿಂದಿನ ಕಾರಣವನ್ನೂ ಅವರಿಗೆ ತಿಳಿಸಬೇಕು. ನಮ್ಮ ಸುತ್ತ ಮುತ್ತ ಸಾಮಾನ್ಯವಾಗಿ ಬೆಳೆಯುವ ಕಣಗಿಲೆ, ಉಮ್ಮತ್ತಿ, ಗುಲಗಂಜಿಯ ಬೀಜ, ಹರಳಿನ ಬೀಜ ಇವೆಲ್ಲ ವಿಷಕಾರಿ. ಎಕ್ಕದ ಹಾಲು ಕಣ್ಣಿಗೆ ತಗುಲಿದರೆ ಕಣ್ಣಿಗೆ ಹಾನಿಯಾಗುತ್ತದೆ. ಹಳ್ಳಿಯ ಶಾಲೆಗಳವರು ಬೇಲಿಯ ಬದಿಗೆ ಮಕ್ಕಳನ್ನು ಕರೆದೊಯ್ಯುವುದಾದರೆ ನಸುಗುನ್ನಿಯ ಕಾಯಿಯ ಬಗ್ಗೆಯೂ ಎಚ್ಚರಿಸಬೇಕು.

ಮೊದಲ ನಿಲುಗಡೆ: ಕಿವಿ

ಒಳಗೆ ಕಾಲಿಟ್ಟ ಕೂಡಲೇ, ಮಕ್ಕಳು ಓಡಾಟಕ್ಕೆ ತೊಡಗುವ ಮೊದಲೇ, ನೆರಳಿನಲ್ಲಿ ಅವರನ್ನು ವೃತ್ತಾಕಾರವಾಗಿ ಕೂರಿಸಬೇಕು. ಕಣ್ಣು ಮುಚ್ಚಿ ಸುಮ್ಮನೆ ಕೇಳಲಿ. ಮೊದಲ ಸಲ ಅರ್ಧ ನಿಮಿಷ ಸಾಕು, ಎರಡನೆಯ ಸಲ ಒಂದು ನಿಮಿಷ. ಆಮೇಲೆ ಹಾಳೆಯ ಮಧ್ಯದಲ್ಲಿ ಒಂದು ಗುರುತು ಹಾಕಿ ‘ಇದು ನೀನು’ ಎಂದು ಹೇಳಿ, ಸದ್ದು ಯಾವ ಕಡೆಯಿಂದ ಬಂತೋ ಆ ಕಡೆಗೆ, ದೂರದ್ದಾದರೆ ದೂರಕ್ಕೆ, ಹತ್ತಿರದ್ದಾದರೆ ಹತ್ತಿರಕ್ಕೆ ಒಂದು ಚಿಕ್ಕ ಚಿತ್ರ ಬಿಡಿಸಲು ಹೇಳಬೇಕು. ಅಕ್ಷರ ಬಾರದ ಮಗುವೂ ಇದನ್ನು ಮಾಡಬಲ್ಲದು. ಗೊರವಂಕ, ಗಿಳಿ, ಕುಟ್ರುಹಕ್ಕಿಯ ಎಡೆಬಿಡದ ಕೂಗು, ರಸ್ತೆಯ ಹಾರ್ನ್, ತೋಟದ ಕೆಲಸದವರ ಪೊರಕೆ, ಪಕ್ಕದಲ್ಲಿ ಕುಳಿತವರ ಉಸಿರು, ಎಲ್ಲಕ್ಕೂ ಹಾಳೆಯಲ್ಲಿ ಜಾಗವಿರಲಿ. ಹಕ್ಕಿಯ ಹೆಸರು ಗೊತ್ತಿಲ್ಲದಿದ್ದರೆ ಅದರ ಕೂಗನ್ನು ಅನುಕರಿಸಿ ತೋರಿಸಲಿ. ಹೆಸರಿಗಿಂತ ಆ ಅನುಕರಣೆಯೇ ಇಲ್ಲಿ ಹೆಚ್ಚು ಬೆಲೆಯುಳ್ಳದ್ದು.

ನಂತರ ಎದ್ದು ನಿಂತು ಆಡುವ ಆಟ. ಒಂದು ಮಗು ಮಧ್ಯದಲ್ಲಿ ಕಣ್ಣು ಮುಚ್ಚಿ ನಿಲ್ಲುತ್ತದೆ, ಸುತ್ತಲಿನವರಲ್ಲಿ ಶಿಕ್ಷಕರು ಸನ್ನೆ ಮಾಡಿದವರು ಒಮ್ಮೆ ಚಪ್ಪಾಳೆ ತಟ್ಟುತ್ತಾರೆ, ಮಧ್ಯದ ಮಗು ಸದ್ದು ಬಂದ ಕಡೆಗೆ ಬೆರಳು ತೋರುತ್ತದೆ. ಪಕ್ಕದಿಂದ ಬಂದ ಸದ್ದನ್ನು ಮಕ್ಕಳು ಸರಿಯಾಗಿ ತೋರಿಸುತ್ತಾರೆ. ನೇರ ಮುಂದಿನಿಂದಲೋ ಬೆನ್ನ ಹಿಂದಿನಿಂದಲೋ ಬಂದ ಸದ್ದಿನಲ್ಲಿ ತಡವರಿಸುತ್ತಾರೆ. ಪಕ್ಕದ ಸದ್ದು ಒಂದು ಕಿವಿಗೆ ಸ್ವಲ್ಪ ಮೊದಲು, ಸ್ವಲ್ಪ ಜೋರಾಗಿ ತಲುಪುತ್ತದೆ, ಆ ವ್ಯತ್ಯಾಸದಿಂದಲೇ ಮಿದುಳು ದಿಕ್ಕನ್ನು ಲೆಕ್ಕ ಹಾಕುತ್ತದೆ. ನಡುವಿನ ಸದ್ದು ಎರಡೂ ಕಿವಿಗೆ ಒಟ್ಟಿಗೇ ತಲುಪುವುದರಿಂದ ಆ ಸುಳಿವು ಸಿಗುವುದಿಲ್ಲ. ಈ ವಿವರಣೆಯನ್ನು ಮಕ್ಕಳಿಗೆ ಕೊಡುವ ಬದಲು, ಒಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು ಅದೇ ಆಟವನ್ನು ಮತ್ತೆ ಆಡಿಸಬೇಕು. ‘ಎರಡು ಕಿವಿ ಯಾಕಿರಬಹುದು?’ ಎಂಬ ಪ್ರಶ್ನೆಯನ್ನು ಆಗ ಕೇಳಿದರೆ ಉತ್ತರ ಅವರಿಂದಲೇ ಬರುತ್ತದೆ.

ಬಂಡೆಯ ಮೇಲೆ: ಸ್ಪರ್ಶ

ಲಾಲ್‌ಬಾಗಿನಲ್ಲಿ ಸ್ಪರ್ಶದ ಪಾಠಕ್ಕೆ ಆ ಬಂಡೆಗಿಂತ ಒಳ್ಳೆಯ ಜಾಗವಿಲ್ಲ. ಕೆಂಪೇಗೌಡ ಗೋಪುರವಿರುವ ಈ ಬಂಡೆ ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದು; ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಆರು ವರ್ಷದ ಮಗುವಿಗೆ ಆ ಸಂಖ್ಯೆ ಅರ್ಥವಾಗದು, ಆದರೂ ‘ಇಷ್ಟು ಹಳೆಯದನ್ನು ನೀನು ಬೇರೆಲ್ಲೂ ಮುಟ್ಟಿರಲಿಕ್ಕಿಲ್ಲ’ ಎಂದು ಹೇಳಿದರೆ ಅದು ಕೈಯಿಡುವ ರೀತಿಯೇ ಬದಲಾಗುತ್ತದೆ. ಮಳೆ ಬಂದು ಜಾರುವಂತಿದ್ದರೆ ಹತ್ತಬಾರದು. ಕೆಳಗಿನ ಅಂಚಿನಲ್ಲಿಯೇ ಕೆಲಸ ನಡೆಯುತ್ತದೆ.

ಮಕ್ಕಳು ಅಂಗೈ, ಬೆರಳ ತುದಿ, ಮೊಣಕೈ ಈ ಮೂರರಿಂದಲೂ ಒಂದೇ ಜಾಗವನ್ನು ಮುಟ್ಟಲಿ. ಬೆರಳ ತುದಿಗೆ ತಿಳಿಯುವ ಸಣ್ಣ ತರಿಗಳು ಮೊಣಕೈಗೆ ತಿಳಿಯುವುದಿಲ್ಲ ಎಂಬುದನ್ನು ಅವರೇ ಕಂಡುಕೊಳ್ಳುತ್ತಾರೆ. ಆಮೇಲೆ ನೆರಳಿನಲ್ಲಿರುವ ಕಲ್ಲನ್ನೂ ಅದೇ ನೆರಳಿನಲ್ಲಿರುವ ಮರದ ಕಾಂಡವನ್ನೂ ಒಂದರ ನಂತರ ಒಂದಾಗಿ ಮುಟ್ಟಿಸಬೇಕು. ಕಲ್ಲು ಹೆಚ್ಚು ತಣ್ಣಗಿದೆ ಎಂದು ಎಲ್ಲರೂ ಹೇಳುತ್ತಾರೆ. ಎರಡರ ಉಷ್ಣತೆಯೂ ಹೆಚ್ಚುಕಡಿಮೆ ಒಂದೇ ಇದ್ದರೂ ಕಲ್ಲು ನಮ್ಮ ಕೈಯ ಬಿಸಿಯನ್ನು ಬೇಗ ಎಳೆದುಕೊಳ್ಳುವುದರಿಂದ ಹಾಗೆನಿಸುತ್ತದೆ. ಚರ್ಮ ಅಳೆಯುವುದು ವಸ್ತುವಿನ ಉಷ್ಣತೆಯನ್ನಲ್ಲ, ತನ್ನಿಂದ ಹೊರಗೆ ಹೋಗುತ್ತಿರುವ ಅಥವಾ ಒಳಗೆ ಬರುತ್ತಿರುವ ಬಿಸಿಯನ್ನು ಎಂಬುದು ಶಿಕ್ಷಕರಿಗೆ ಸ್ಪಷ್ಟವಿದ್ದರೆ, ಮಕ್ಕಳ ಮಾತನ್ನು ತಿದ್ದುವ ಅವಸರ ಇರುವುದಿಲ್ಲ.

ಈ ನಿಲುಗಡೆಯ ಹೃದಯ ‘ನನ್ನ ಮರ’ ಎಂಬ ಆಟ. ಇಬ್ಬಿಬ್ಬರ ಜೋಡಿ, ಒಬ್ಬರು ಕಣ್ಣು ಕಟ್ಟಿಕೊಂಡಿರುತ್ತಾರೆ, ಇನ್ನೊಬ್ಬರು ಕೈ ಹಿಡಿದು ಸುತ್ತು ಬಳಸಿ ಹತ್ತಿರದ ಒಂದು ಮರಕ್ಕೆ ಕರೆದೊಯ್ಯುತ್ತಾರೆ. ಕಣ್ಣು ಕಟ್ಟಿಕೊಂಡವರು ತೊಗಟೆ ಸವರಿ, ಬುಡವನ್ನು ತಬ್ಬಿ, ಬೇರನ್ನು ಕಾಲಿನಿಂದ ತಡವಿ ಮರದ ಗುರುತು ಹಿಡಿದುಕೊಂಡು ಹೊರಟ ಜಾಗಕ್ಕೆ ಮರಳುತ್ತಾರೆ. ಕಟ್ಟು ಬಿಚ್ಚಿದ ಮೇಲೆ ಅದು ಯಾವ ಮರವೆಂದು ಹುಡುಕಬೇಕು. ಪ್ರತಿ ಜೋಡಿಯನ್ನೂ ದೊಡ್ಡವರೊಬ್ಬರು ಗಮನಿಸುತ್ತಿರಬೇಕು, ತೊಗಟೆಯ ಮೇಲೆ ಕಟ್ಟಿರುವೆ, ಕಂಬಳಿಹುಳು ಇಲ್ಲವೆಂದು ಮೊದಲೇ ನೋಡಿರಬೇಕು. ಗೋಡೆಯಂತೆ ಹರಡಿರುವ ಬೇರುಗಳ ದೊಡ್ಡ ಬಿಳಿ ಬೂರುಗದ ಮರವನ್ನು ತೋರಿಸಲು ಸಮಯವಿದ್ದರೆ, ಅದರ ಅಳತೆಯನ್ನು ಕಣ್ಣಿಗಿಂತ ಮೊದಲು ಚಾಚಿದ ತೋಳುಗಳಿಂದ ತಿಳಿಯಲು ಬಿಡಿ. ಬೇಲಿ ಹಾಕಿದ್ದರೆ ಅದನ್ನು ದಾಟಬಾರದು. ಮಕ್ಕಳ ಬಾಯಿಂದ ಬರುವ ಒರಟು, ತರಿತರಿ, ನುಣುಪು, ಜಿಗುಟು, ಚುಚ್ಚುತ್ತದೆ ಎಂಬ ಮಾತುಗಳನ್ನು ಜೊತೆಗಿರುವ ದೊಡ್ಡವರು ಬರೆದಿಟ್ಟುಕೊಳ್ಳಲಿ.

ಮೂಗು

ಉದುರಿದ ಸಂಪಿಗೆಯೋ ರಂಜದ ಹೂವೋ ಸಿಕ್ಕರೆ ಒಳ್ಳೆಯದು, ಸಿಗದಿದ್ದರೂ ಪಾಠ ನಿಲ್ಲಬಾರದು. ಅದಕ್ಕೇ ಮನೆಯಿಂದ ತಂದ ಗಂಟುಗಳು: ತೆಳು ಬಟ್ಟೆಯಲ್ಲಿ ಕಾಫಿ ಪುಡಿ, ಇಂಗು, ಜಜ್ಜಿದ ಏಲಕ್ಕಿ, ದೊಡ್ಡಪತ್ರೆ, ಕರಿಬೇವು, ಮೈಸೋಪಿನ ಚೂರು. ಒಂದೊಂದು ವಾಸನೆಗೂ ಎರಡೆರಡು ಗಂಟು ಕಟ್ಟಿ ಹಂಚಿದರೆ, ಮಕ್ಕಳು ಮೂಸುತ್ತಾ ತಮ್ಮ ಜೊತೆಗಾರರನ್ನು ಹುಡುಕಿಕೊಳ್ಳುತ್ತಾರೆ. ಮೆಣಸಿನ ಪುಡಿ, ನಶ್ಯದಂತಹ ಸಣ್ಣ ಪುಡಿಗಳು ಬೇಡ. ಉಬ್ಬಸವಿರುವ ಮಗುವಿಗೆ ಎಲೆಗಳ ಗಂಟು ಮಾತ್ರ ಸಾಕು.

ಒಂದೇ ಗಂಟನ್ನು ಎರಡು ನಿಮಿಷ ಮೂಗಿನ ಹತ್ತಿರವೇ ಹಿಡಿದುಕೊಂಡರೆ ವಾಸನೆ ಮಂಕಾಗುತ್ತದೆ. ಗಂಟು ಸತ್ವ ಕಳೆದುಕೊಂಡಿತೆಂದು ಮಗು ಭಾವಿಸಬಹುದು. ಆಗ ಅದನ್ನು ಪಕ್ಕಕ್ಕಿಡಿಸಿ, ಸ್ವಲ್ಪ ದೂರ ನಡೆದು ಬಂದು ಮತ್ತೆ ಮೂಸಲು ಹೇಳಬೇಕು. ಮೂಗು ಒಂದೇ ವಾಸನೆಗೆ ಬೇಗ ಒಗ್ಗಿಕೊಳ್ಳುತ್ತದೆ, ಹೊಸದನ್ನು ತಿಳಿಯಲು ತೆರೆದಿರುತ್ತದೆ. ನಮ್ಮ ಮನೆಯ ವಾಸನೆ ನಮಗೆ ತಿಳಿಯದೆ ಬಂದ ನೆಂಟರಿಗೆ ತಿಳಿಯುವುದು ಇದರಿಂದಲೇ. ಕೆಟ್ಟ ವಾಸನೆಯನ್ನೂ ಪಾಠದಿಂದ ಹೊರಗಿಡಬಾರದು. ಕೊಳೆತ ಎಲೆಯ ಗುಪ್ಪೆಯ ಬಳಿ ಮೂಗು ಮುಚ್ಚಿಕೊಂಡ ಮಗುವನ್ನು ‘ಈ ವಾಸನೆ ನಿನಗೆ ಏನು ಹೇಳಿತು?’ ಎಂದು ಕೇಳಿದರೆ, ಹಳಸಿದ ಅನ್ನ, ಗ್ಯಾಸ್ ಸೋರಿಕೆ, ಹೊಗೆ ಇವುಗಳ ಎಚ್ಚರಿಕೆಯನ್ನು ಮೂಗೇ ಕೊಡುತ್ತದೆ ಎಂಬಲ್ಲಿಗೆ ಮಾತು ತಾನಾಗಿ ಹೋಗುತ್ತದೆ.

ಈಗ ಕಣ್ಣು

ಇಷ್ಟು ಹೊತ್ತು ಕಾದ ಕಣ್ಣಿಗೆ ಈಗ ಕೆಲಸ ಕೊಡಬಹುದು, ಅದೂ ಒಂದೇ ಕೆಲಸ. ಹಾಳೆಯನ್ನು ಸುರುಳಿ ಸುತ್ತಿ ಕೊಳವೆ ಮಾಡಿ, ಅದರ ಮೂಲಕ ಒಂದೇ ಜಾಗವನ್ನು ನೋಡಿ ಕಂಡದ್ದನ್ನೆಲ್ಲ ಹೇಳಲಿ. ಅಥವಾ ನೆಲದಿಂದ ಆರಿಸಿದ ಎಲೆಗಳನ್ನು ಎಳೆ ಹಸಿರಿನಿಂದ ಕಡು ಹಸಿರಿನವರೆಗೆ, ಅಲ್ಲಿಂದ ಹಳದಿಗೆ, ಕಂದಿಗೆ ಸಾಲಾಗಿ ಜೋಡಿಸಲಿ. ಬಂಡೆಯ ಮೇಲಿನ ಬಿಳಿ, ಕಪ್ಪು ಪಟ್ಟೆಗಳನ್ನು ಮುಟ್ಟುವಾಗ ಯಾರೂ ಗಮನಿಸಿರುವುದಿಲ್ಲ, ಮರಳುವಾಗ ತೋರಿಸಿ. ಇಬ್ಬರನ್ನು ಎದುರುಬದುರು ನಿಲ್ಲಿಸಿ, ಒಬ್ಬರು ಅಂಗೈಯಿಂದ ಕಣ್ಣು ಮುಚ್ಚಿಕೊಂಡಿದ್ದು ಬೆಳಕಿಗೆ ತೆರೆದಾಗ ಕಪ್ಪು ಬೊಟ್ಟು ಚಿಕ್ಕದಾಗುವುದನ್ನು ಇನ್ನೊಬ್ಬರು ನೋಡಲಿ. ಸೂರ್ಯನನ್ನು ನೇರವಾಗಿ ನೋಡಬಾರದೆಂಬ ಮಾತನ್ನು ಆಗಲೇ ಹೇಳಬೇಕು.

ನಾಲಿಗೆ, ಕೈ ತೊಳೆದ ಮೇಲೆ

ಸೋಪು ಹಚ್ಚಿ ಕೈ ತೊಳೆದು, ಕುಳಿತ ಮೇಲೆ ಮಾತ್ರ ರುಚಿಯ ಪಾಠ. ಮೊದಲು ಬೆಲ್ಲ, ಉಪ್ಪಿನ ಹರಳು, ಹುಣಸೆ, ನೆನೆಸಿದ ಮೆಂತ್ಯ ಇವುಗಳನ್ನು ತೀರ ಚಿಕ್ಕ ಪ್ರಮಾಣದಲ್ಲಿ, ಮಧ್ಯೆ ನೀರು ಕುಡಿಸುತ್ತಾ ಕೊಡಬೇಕು. ತೆಳುವಾಗಿ ಹೆಚ್ಚಿದ ನೆಲ್ಲಿಕಾಯಿಯನ್ನು ಕೊನೆಗೆ ಇಟ್ಟುಕೊಳ್ಳಿ. ಅದನ್ನು ಅಗಿದು ನೀರು ಕುಡಿದಾಗ ಬರುವ ಸಿಹಿಗೆ ಮಕ್ಕಳು ಮತ್ತೆ ಮತ್ತೆ ನೀರು ಕೇಳುತ್ತಾರೆ.

ಮುಂದಿನದು ಏಲಕ್ಕಿ ಹಾಕಿದ ಬೆಲ್ಲದ ಪಾನಕ. ಏನೆಂದು ಹೇಳದೆ, ಎರಡು ಬೆರಳಿನಿಂದ ಮೂಗು ಹಿಡಿದುಕೊಂಡು ಒಂದು ಚಿಕ್ಕ ಗುಟುಕು ಕುಡಿಯಲು ಹೇಳಬೇಕು. ‘ಸಿಹಿ’ ಎನ್ನುತ್ತಾರೆ, ಅಷ್ಟೇ. ನುಂಗಿದ ಮೇಲೆ ಮೂಗು ಬಿಟ್ಟಾಗ ಏಲಕ್ಕಿಯ ಪರಿಮಳ ಬಾಯಿತುಂಬ ಬರುತ್ತದೆ. ನಾವು ರುಚಿ ಎಂದು ಕರೆಯುವುದರಲ್ಲಿ ಬಹುಪಾಲು ಬಾಯಿಯ ಹಿಂಭಾಗದಿಂದ ಮೂಗಿಗೆ ಏರುವ ವಾಸನೆಯೇ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಬೇರೆ ದಾರಿ ನನಗೆ ತಿಳಿಯದು. ನೆಗಡಿಯಾದಾಗ ಊಟ ಸಪ್ಪೆಯಾಗುವ ಅನುಭವವನ್ನು ಮಕ್ಕಳು ತಾವಾಗಿ ನೆನಪಿಸಿಕೊಳ್ಳುತ್ತಾರೆ.

ಇಲ್ಲಿ ಶಿಕ್ಷಕರು ಎರಡು ವಿಷಯಗಳಲ್ಲಿ ಎಚ್ಚರದಿಂದಿರಬೇಕು. ನಾಲಿಗೆಯ ತುದಿಯಲ್ಲಿ ಸಿಹಿ, ಹಿಂದೆ ಕಹಿ, ಬದಿಗಳಲ್ಲಿ ಹುಳಿ ಎಂದು ಭಾಗ ಮಾಡಿದ ನಕ್ಷೆ ಹಲವಾರು ದಶಕ ಪಠ್ಯಗಳಲ್ಲಿ ಮುದ್ರಣವಾಗಿದ್ದರೂ ಅದು ತಪ್ಪು. ಜರ್ಮನಿಯಲ್ಲಿ 1901ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೇಳಿದ್ದ ಸಣ್ಣ ವ್ಯತ್ಯಾಸವನ್ನು ಮುಂದೆ ಹಿಗ್ಗಿಸಿ ಅರ್ಥ ಮಾಡಿದ್ದರಿಂದ ಆ ನಕ್ಷೆ ಹುಟ್ಟಿತು. ರುಚಿಮೊಗ್ಗುಗಳಿರುವ ಎಲ್ಲ ಭಾಗಗಳಿಗೂ ಎಲ್ಲ ರುಚಿಗಳೂ ತಿಳಿಯುತ್ತವೆ. ಅದನ್ನು ಬಿಡಿಸಲು ಮಕ್ಕಳಿಗೆ ಹೇಳಬಾರದು. ಎರಡನೆಯದು ಖಾರ ಮತ್ತು ಒಗರು. ನಮ್ಮ ಷಡ್ರಸಗಳಲ್ಲಿ ಇವೆರಡಕ್ಕೂ ಸ್ಥಾನವಿದೆ. ಶರೀರವಿಜ್ಞಾನ ಮಾತ್ರ ಖಾರವನ್ನು ಉರಿಯಾಗಿಯೂ ಒಗರನ್ನು ಹೆಚ್ಚಾಗಿ ಬಾಯಿಯ ಸ್ಪರ್ಶಾನುಭವವಾಗಿಯೂ ನೋಡುತ್ತದೆ. ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್ ಬಿಸಿಯನ್ನು ತಿಳಿಸುವ ನರಗಳನ್ನೇ ಕೆರಳಿಸುತ್ತದೆ, ಆದ್ದರಿಂದಲೇ ಖಾರದ ಕೈ ಕಣ್ಣಿಗೆ ತಗುಲಿದರೂ ಉರಿಯುತ್ತದೆ. ಮಗು ‘ಖಾರ ಒಂದು ರುಚಿ’ ಎಂದರೆ ತಪ್ಪೆನ್ನದೆ, ‘ಅದು ನಾಲಿಗೆಗೆ ಮಾತ್ರವೇ ತಿಳಿಯುತ್ತದೆಯೇ?’ ಎಂದು ಕೇಳಿ ಬಿಟ್ಟುಬಿಡುವುದು ಸರಿಯಾದ ಕ್ರಮ.

ಮರುದಿನ ತರಗತಿಯಲ್ಲಿ

ಬಂದ ದಿನವೇ ಏನನ್ನೂ ಬರೆಸಬಾರದು, ಮಕ್ಕಳು ದಣಿದಿರುತ್ತಾರೆ. ಮರುದಿನ ಸದ್ದಿನ ಹಾಳೆಗಳನ್ನು ಗೋಡೆಗೆ ಹಚ್ಚಿ, ದೊಡ್ಡವರು ಬರೆದು ತಂದ ಮಕ್ಕಳ ಮಾತುಗಳನ್ನು ಒಂದೊಂದಾಗಿ ಓದಿ, ‘ಇದನ್ನು ನಿನಗೆ ಹೇಳಿದವರು ಯಾರು?’ ಎಂದು ಕೇಳಬೇಕು. ಮಗು ತನ್ನ ಕಿವಿಯನ್ನೋ ಮೂಗನ್ನೋ ಮುಟ್ಟಿ ತೋರಿಸಲಿ. ಒಂದೇ ಮಾತಿಗೆ ಇಬ್ಬರು ಎರಡು ಅಂಗಗಳನ್ನು ಮುಟ್ಟಿದರೆ ಚರ್ಚೆಗೆ ಅದೇ ಒಳ್ಳೆಯ ಸಂದರ್ಭ. ‘ತೂಗಾಡುವಾಗ ತಲೆ ಸುತ್ತುವುದು ಯಾವುದರಿಂದ?’ ಎಂದು ಯಾರಾದರೂ ಕೇಳಿದರೆ, ಸಮತೋಲವನ್ನು ತಿಳಿಸುವ ಅಂಗವೊಂದು ಕಿವಿಯ ಒಳಗಿದೆ, ಇಂದ್ರಿಯಗಳು ಐದಕ್ಕೇ ಮುಗಿಯುವುದಿಲ್ಲ ಎಂದು ಪ್ರಾಮಾಣಿಕವಾಗಿ ಹೇಳಬೇಕು. ಮನೆಗೆ ಕೊಡುವ ಕೆಲಸ ಒಂದೇ ಇರಲಿ: ಸಂಜೆ ಅಡುಗೆಮನೆಯ ಬಾಗಿಲಲ್ಲಿ, ಒಲೆಯಿಂದ ದೂರ, ಕಣ್ಣು ಮುಚ್ಚಿ ನಿಂತು ಒಗ್ಗರಣೆಯನ್ನು ಕೇಳಿ, ಮೂಸಿ, ಅದರಲ್ಲಿ ಏನೇನು ಬಿತ್ತೆಂದು ಊಹಿಸುವುದು.

ಹೊರಸಂಚಾರದ ಟಿಪ್ಪಣಿಗಳನ್ನು ಎತ್ತಿಡುವ ಮೊದಲು ಶಿಕ್ಷಕರು ಇನ್ನೊಂದು ದೃಷ್ಟಿಯಿಂದ ಅವನ್ನು ಓದಬೇಕು. ಚಪ್ಪಾಳೆಯ ಆಟದಲ್ಲಿ ಪ್ರತಿ ಸಲವೂ ಒಂದೇ ಬದಿಯ ಸದ್ದನ್ನು ತಪ್ಪಿಸಿಕೊಂಡ ಮಗು, ದೂರದ ಗೋಪುರವನ್ನು ನೋಡಲು ಕಣ್ಣು ಕಿರಿದು ಮಾಡಿದ ಮಗು, ಎಲೆಗಳನ್ನು ಜೋಡಿಸುವಾಗ ಕೆಂಪನ್ನೂ ಹಸಿರನ್ನೂ ಬೆರೆಸಿದ ಮಗು ಇದ್ದರೆ, ಅದು ಗಮನದ ಕೊರತೆಯಲ್ಲದೆ ಕಿವಿ, ಕಣ್ಣಿನ ತೊಂದರೆಯೇ ಆಗಿರಬಹುದು. ಅಂಥ ಮಗುವನ್ನು ಮುಂದಿನ ಸಾಲಿಗೆ ಕೂರಿಸಿ, ಪೋಷಕರಿಗೆ ಗಾಬರಿಯಾಗದಂತೆ ತಿಳಿಸಿ, ವೈದ್ಯರಿಂದ ತಪಾಸಣೆ ಮಾಡಿಸಲು ಹೇಳಬೇಕು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯಕೀಯ ತಂಡವು ಶಾಲೆಗೇ ಬಂದು ಆರೋಗ್ಯ ತಪಾಸಣೆ ಮಾಡುತ್ತದೆ. ಆ ತಂಡ ಬಂದಾಗ ಟಿಪ್ಪಣಿಯ ಹಾಳೆಯನ್ನು ಅವರ ಮುಂದಿಡಬೇಕು.